ಹೊಸ್ತಿಲ ಮೇಲಿನ ‘ಇಲ್ಲ’

ಫೋನು ಬಂದರೆ ನಾನು ಕೂತಲ್ಲಿ ಕೂರುವವಳಲ್ಲ. ಗುರುತಿನ ದನಿಯಾದರೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ತಿರುಗುತ್ತ ಮಾತಾಡುತ್ತೇನೆ. ಗುರುತಿಲ್ಲದ ದನಿಯಾದರೆ ಕಾಲುಗಳು ನನ್ನನ್ನು ಕೇಳದೆಯೇ ಮುಂಬಾಗಿಲಿಗೆ ನಡೆಯುತ್ತವೆ. ಶಾಂತಾ ಎಂದು ಹೆಸರಿಟ್ಟವಳು ನಮ್ಮ ಆಯಿ, ಅಪ್ಪನ ತಾಯಿ. ಹುಡುಗರಿಗೆ ಗಣಿತ ಕಲಿಸಿ ಕಲಿಸಿ ನಿವೃತ್ತಳಾದೆ, ಕೂದಲು ಬೆಳ್ಳಗಾಯಿತು, ಆದರೂ ಈ ಹೆಸರಿಗೂ ನನಗೂ ಇನ್ನೂ ಹೊಂದಾಣಿಕೆಯಾಗಿಲ್ಲ. ಮಗಳು ಚಾಷ್ಟಿ ಮಾಡುತ್ತಾಳೆ.

“ಅವ್ವಾ, ಹೆಸರ ಶಾಂತಾ, ಕಾಲಾಗ ಗಾಲಿ.”

ಮಾಡಲಿ. ಈ ಗಾಲಿ ಎಲ್ಲಿ ಕಟ್ಟಿಸಿಕೊಂಡದ್ದು ಎಂದು ಅವಳಿಗೆ ಗೊತ್ತಿಲ್ಲ. ಅವಳು ಆ ಮನೆಯನ್ನು ನೋಡಿದವಳಲ್ಲ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿತ್ತು ನಾನು ಬೆಳೆದ ಆ ಮನೆ. ಮುಂದೆ ಕಟ್ಟೆ, ಕಟ್ಟೆ ಹತ್ತಿದರೆ ಎತ್ತರದ ಕಲ್ಲಿನ ಹೊಸ್ತಿಲು, ಒಳಗೆ ಉದ್ದನೆಯ ಪಡಸಾಲೆ, ಅದರಾಚೆ ಹಗಲಲ್ಲೂ ಕತ್ತಲೆ ತುಂಬಿದ ಅಡುಗೆಮನೆ. ಅಪ್ಪನ ಕಾಳುಕಡಿ ಅಂಗಡಿ ಚೌಕದಲ್ಲಿ. ಮನೆಯಲ್ಲಿ ಆಯಿ, ಅವ್ವ, ಅಪ್ಪನ ತಂಗಿ ಗಂಗತ್ತಿ, ನಾನು. ಬೆಳಗಾದರೆ ರೊಟ್ಟಿ ಬಡಿಯುವ ಸಪ್ಪಳ, ಮಧ್ಯಾಹ್ನವಾದರೆ ಒರಳಿನಲ್ಲಿ ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುವ ಸಪ್ಪಳ. ಇಷ್ಟು ಗದ್ದಲದ ಮನೆಯಲ್ಲಿ ಒಂದೇ ಒಂದು ಶಬ್ದ ಮಾತ್ರ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಅದು ‘ಇಲ್ಲ’.

ಆಯಿ ಹೊನವಾಡದಿಂದ ಸೊಸೆಯಾಗಿ ಬರುವಾಗ ಕೈಯಲ್ಲಿ ಜೋಡಿ ಪಾಟ್ಲಿ ತಂದಿದ್ದಳು, ಅಗಲವಾದ ಬಂಗಾರದ ಬಳೆಗಳು. ಬಾಯಲ್ಲಿ ಈ ನೇಮ ತಂದಿದ್ದಳು. ಅಕ್ಕಿ ತೀರಿದರೆ ‘ಅಕ್ಕಿ ಇಲ್ಲ’ ಅನ್ನುವಂತಿಲ್ಲ, ‘ಅಕ್ಕಿ ಹೆಚ್ಚಾಗ್ಯಾವ’ ಅನ್ನಬೇಕು. ಬಳೆ ಒಡೆದರೆ ‘ಬಳಿ ಹೆಚ್ಚಿದುವು’. ದೀಪ ಆರಿಸುವುದಲ್ಲ, ‘ದೊಡ್ಡದು ಮಾಡುವುದು’. ಹೊರಟವರು ‘ಹೋಗ್ತೀನಿ’ ಅಂದರೆ ತಲೆಗೆ ಮೊಟಕುತ್ತಿದ್ದಳು, ‘ಬರ್ತೀನಿ’ ಅನ್ನಬೇಕು. ಭಿಕ್ಷೆಗೆ ಬಂದವರಿಗೂ ಇಲ್ಲ ಅನ್ನದೆ ‘ಮುಂದಿನ ಮನಿಗಿ ಹೋಗಪಾ’ ಅನ್ನುತ್ತಿದ್ದೆವು. ಅಪ್ಪನ ಅಂಗಡಿಯಲ್ಲೂ ಅದೇ ಕಾನೂನು. ತೊಗರಿಬೇಳೆ ತಳ ಕಂಡಿದ್ದರೂ ಗಿರಾಕಿಗೆ ‘ನಾಳಿ ಬರ್ತದ್ರಿ’ ಎಂಬ ಉತ್ತರ. ಯಾಕೆ ಎಂದು ಕೇಳಿದರೆ ಆಯಿ ದನಿ ತಗ್ಗಿಸಿ ಹೇಳುತ್ತಿದ್ದಳು.

“ನೀ ಇಲ್ಲ ಅನ್ನೂದನ್ನ ಲಕ್ಷ್ಮಿ ಕೇಳಸ್ಕೊಂತ ನಿಂತಿರ್ತಾಳ. ಏನೂ ಇಲ್ಲ ಅಂತಾರ ಇವರು, ನಾ ಯಾಕ ಇರ್ಲಿ ಅಂತ ಹೊಂಟ ಬಿಡ್ತಾಳ.”

ಸಾಲೆಗೆ ಹೋದ ಹೊಸದರಲ್ಲಿ ನನ್ನ ಬರೆಯುವ ಪಾಟಿ ಕೆಳಗೆ ಬಿದ್ದು ಒಡೆಯಿತು. ಬರಿಗೈಲಿ ಕೂತವಳನ್ನು ಮಾಸ್ತರರು ಕೇಳಿದರು, ಪಾಟಿ ಎಲ್ಲಿ ಎಂದು.

“ಹೆಚ್ಚಾಗೇದ್ರಿ ಸರ್.”

“ಹೌದೇನ? ಹೆಚ್ಚಾಗಿದ್ರ ನನಗೊಂದ ಕೊಡಬೇ ಹಂಗಾರ.”

ಇಡೀ ವರ್ಗ ನಕ್ಕಿತು. ನನಗೆ ನಗುವಿನ ಕಾರಣ ತಿಳಿಯಲಿಲ್ಲ. ಜಗತ್ತಿನಲ್ಲಿ ಎಲ್ಲರೂ ನಮ್ಮ ಹಾಗೆಯೇ ಮಾತಾಡುತ್ತಾರೆ ಎಂದು ನಂಬಿದ್ದೆ. ನಮ್ಮ ಮಾತನ್ನು ಬೇರೆ ಥರ ಕೇಳಿಸಿಕೊಳ್ಳುವ ಕಿವಿಗಳೂ ಇರುತ್ತವೆ ಎಂದು ತಿಳಿದದ್ದು ಪಾಟ್ಲಿ ಹೋದಾಗ.

ಅಜ್ಜ ತೀರಿಕೊಂಡ ಮೇಲೆ ಆಯಿಯ ಪಾಟ್ಲಿ ಪೆಟ್ಟಿಗೆ ಸೇರಿದ್ದವು. ಗಂಗತ್ತಿಯ ಲಗ್ನಕ್ಕೆ ಎಂದೇ ಇಟ್ಟದ್ದು. ಆ ವರ್ಷ ಬಬಲೇಶ್ವರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಹೊಲಮನಿ ಇದ್ದವರು, ಮಾತುಕತೆ ಮುಗಿದು ನಿಶ್ಚಯ ಮಾಡುವುದಷ್ಟೇ ಬಾಕಿ. ‘ಹುಡುಗಿ ಕೈಗೆ ತಾಯಿ ಪಾಟ್ಲಿ ಹಾಕ್ತಾರ’ ಎಂಬ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಗಂಗತ್ತಿ ಆ ದಿನಗಳಲ್ಲಿ ರೊಟ್ಟಿ ಬಡಿಯುವಾಗಲೂ ಹಾಡುತ್ತಿದ್ದಳು. ಕೈ ತೊಳೆದುಕೊಂಡು ಬಂದು ಪೆಟ್ಟಿಗೆ ತೆಗೆದು ಪಾಟ್ಲಿ ಮುಟ್ಟಿ ನೋಡಿ ಮತ್ತೆ ಮುಚ್ಚುವುದು ಅವಳ ಆಟವಾಗಿತ್ತು.

ಅವ್ವ ತವರಿಗೆ, ತಿಕೋಟಾಕ್ಕೆ, ತಮ್ಮನ ಮಗುವಿನ ಹೆಸರಿಡುವ ಕಾರ್ಯಕ್ಕೆ ಹೋಗಿದ್ದಳು. ಅಪ್ಪ ಅಂಗಡಿಯಲ್ಲಿ. ಊಟವಾಗಿ ಓಣಿಯೆಲ್ಲ ಅಡ್ಡಾದ ಹೊತ್ತಿನಲ್ಲಿ ಯಾರೋ ಬಾಗಿಲು ಬಡಿದರು. ಗಂಗತ್ತಿ ತೆಗೆದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಇಬ್ಬರು, ಒಬ್ಬನ ಹೆಗಲಲ್ಲಿ ಚರ್ಮದ ಚೀಲ.

“ಅಮ್ಮಾರ, ಕಂಪನಿಯಿಂದ ಬಂದೇವ್ರಿ. ಹೊಳಪಿನ ಪುಡಿ ಮಾರಾಕ ಅಲ್ರಿ, ತೋರಸಾಕ. ರೊಕ್ಕ ಬ್ಯಾಡ್ರಿ, ಏನ ಬ್ಯಾಡ್ರಿ.”

ಎಷ್ಟು ‘ರಿ’ ಅವರ ಬಾಯಲ್ಲಿ! ಆಯಿಗೆ ಅದೇ ಹಿಡಿಸಿತು. ನೀರು ಬೆಲ್ಲ ಕೊಡಿಸಿದಳು. ಅವರು ಹಿತ್ತಾಳೆಯ ತಂಬಿಗೆ ಇಸಿದುಕೊಂಡು ಪುಡಿ ಹಚ್ಚಿ ತಿಕ್ಕಿದರು, ನನ್ನ ಮುಖ ಅದರಲ್ಲಿ ಕಂಡಿತು. ನನ್ನ ಬೆಳ್ಳಿ ಗೆಜ್ಜೆ ತಿಕ್ಕಿದರು, ಹಾಲಿನಂತೆ ಹೊಳೆದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಸಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಆದರೆ ಗೆಜ್ಜೆ ನನ್ನದು, ಹೊಳಪು ನನ್ನದು, ನಾನು ಕುಣಿದಾಡಿದೆ. ಆಮೇಲೆ ಉದ್ದನೆಯವನು ಕೈ ಒರೆಸಿಕೊಳ್ಳುತ್ತ, ಬೇಡದ ಮಾತು ಎಂಬಂತೆ ಕೇಳಿದ.

“ಮನ್ಯಾಗ ಬಂಗಾರ ಅದ ಏನ್ರಿ ಅಮ್ಮಾರ? ಇದ್ರ ತರ್ರಿ. ಇಲ್ಲಂದ್ರ ಇಲ್ಲ ಅನ್ರಿ, ನಾವು ಬರ್ತೇವಿ.”

ಪಾರಾಗುವ ದಾರಿಯನ್ನು ಅವನೇ ತೋರಿಸಿದ್ದ. ಆಯಿ ಒಂದು ಶಬ್ದ ಅಂದಿದ್ದರೆ ಮುಗಿದಿತ್ತು. ಬಾಗಿಲ ಮರೆಯಲ್ಲಿ ನಿಂತ ಗಂಗತ್ತಿ “ಅವ್ವಾ, ಬ್ಯಾಡ” ಎಂದು ಪಿಸುಗುಟ್ಟಿದ್ದು ನನಗೇ ಕೇಳಿಸಿತು, ಆಯಿಗೆ ಕೇಳಿಸದೆ ಇರಲಿಲ್ಲ. ಆಯಿಯ ತುಟಿ ಅಲುಗಿತು, ನಿಂತಿತು. ಪಡಸಾಲೆಯ ನಡುವೆ ಕೂತು, ಮುತ್ತೈದೆಯಾಗಿ ಕಾಲಿಟ್ಟ ಮನೆಯಲ್ಲಿ, ಬಂಗಾರದ ಹೆಸರಿಗೆ ‘ಇಲ್ಲ’ ಅನ್ನಲು ಆ ತುಟಿಗೆ ರೂಢಿಯೇ ಇರಲಿಲ್ಲ.

“ಅದಪಾ, ಬೇಕಾದಷ್ಟ ಅದ. ಗಂಗಾ, ಪಾಟ್ಲಿ ತಾ.”

ಬೇಕಾದಷ್ಟು ಅಂದರೆ ಆ ಜೋಡಿ ಪಾಟ್ಲಿಯೇ, ಅದರ ಹೊರತು ಮತ್ತೇನೂ ಇರಲಿಲ್ಲ. ಗಂಗತ್ತಿ ತಂದು ಕೊಟ್ಟಳು. ಅವರು ಅದನ್ನು ತಮ್ಮ ಚೀಲದ ಒಂದು ಡಬ್ಬಿಗೆ ಹಾಕಿ, ಅರಿಶಿನದ ನೀರು ಸುರಿದು, ಮುಚ್ಚಳ ಬಿಗಿದು, ಒಲೆಯ ಮೇಲೆ ಬೆಚ್ಚಗೆ ಮಾಡಿಸಿ ದೇವರ ಮುಂದೆ ಇಡಿಸಿದರು.

“ಆರೂ ತನಕ ಮುಚ್ಚಳಾ ತಗೀಬ್ಯಾಡ್ರಿ ಅಮ್ಮಾರ, ಬಣ್ಣ ಹೋಗ್ತದ. ಯಾರ ಮುಂದನೂ ಹೇಳಬ್ಯಾಡ್ರಿ, ಕಣ್ಣ ತಾಗ್ತದ. ಬರ್ತೇವ್ರಿ.”

“ಬರ್ರಿಪಾ,” ಅಂದಳು ಆಯಿ.

ಡಬ್ಬಿ ಆರಿತು. ಗಂಗತ್ತಿ ಮುಚ್ಚಳ ತೆಗೆದಳು. ಹಳದಿ ನೀರಿನಲ್ಲಿ ಬೆರಳಾಡಿಸಿದಳು, ಮತ್ತೆ ಆಡಿಸಿದಳು. ಕೈಗೆ ಬಂದದ್ದು ತುಕ್ಕು ಹಿಡಿದ ಕಬ್ಬಿಣದ ಬಳೆಗಳು. ಅವಳು ಅಳಲಿಲ್ಲ. ಆ ಕಬ್ಬಿಣವನ್ನು ಸೆರಗಿನಿಂದ ಒರೆಸುತ್ತ ಕೂತಳು, ಒರೆಸಿದರೆ ಬಂಗಾರ ಕಾಣುತ್ತದೇನೋ ಎಂಬಂತೆ. ಅಡುಗೆಮನೆಯ ತುಂಬ ಬೆಚ್ಚಗಿನ ಅರಿಶಿನದ ವಾಸನೆ. ಇಂದಿಗೂ ಯಾರಾದರೂ ಅರಿಶಿನದ ನೀರು ಕಾಯಿಸಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಸಂಜೆ ಅಪ್ಪ ಬಂದ. ತಾಯಿಯ ಮೇಲೆ ದನಿ ಎತ್ತುವ ಪದ್ಧತಿ ಆ ಮನೆಯಲ್ಲಿರಲಿಲ್ಲ, ಆದ್ದರಿಂದ ದನಿ ತಂಗಿಯ ಮೇಲೆ ಬಿತ್ತು.

“ಬಾಗಲಾ ತಗದಾಕಿ ಯಾರ?”

“ನಾನ ಅಣ್ಣಾ.”

“ಪಾಟ್ಲಿ ಅವರ ಕೈಯಾಗ ಕೊಟ್ಟಾಕಿ ಯಾರ?”

“ನಾನ.”

“ನಿನ್ನ ಕೈಯಾಗ ಬಂಗಾರ ನಿಲ್ಲಂಗಿಲ್ಲ ಬಿಡ. ಹಣ್ಯಾಗ ಬರದಂಗ ಆಗೇದ. ಕೇಳ್ರಿ ಎಲ್ಲಾರೂ, ಈ ಮಾತ ಹೊಸ್ತಿಲಾ ದಾಟಬಾರದ. ಬಬಲೇಶ್ವರದವರಿಗೆ ಗೊತ್ತಾದ್ರ ಸಂಬಂಧ ಮುರೀತದ.”

ಆಯಿ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ‘ತಾ ಅಂದಾಕಿ ನಾನು’ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಗಂಗತ್ತಿಯೂ ತಾಯಿಯ ಹೆಸರು ಎತ್ತಲಿಲ್ಲ. ನನಗೆ ಆಯಿಯ ಮೇಲೆ ಅಂಥ ಸಿಟ್ಟು ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ತವರಿನಿಂದ ಬಂದ ಅವ್ವ ವಿಷಯ ತಿಳಿದು ಪೆಟ್ಟಿಗೆಯನ್ನು ಅಡುಗೆಮನೆಗೆ ಒಯ್ದಳು, ಮತ್ತೆ ಪಡಸಾಲೆಗೆ ತಂದಳು, ಖಾಲಿ ಪೆಟ್ಟಿಗೆಗೆ ಕೀಲಿ ಹಾಕಿದಳು. ಅಪ್ಪ ಉಣ್ಣುತ್ತ ಉಣ್ಣುತ್ತ ಎದ್ದು ಹೋಗಿ ಓಣಿಯ ತುದಿಯವರೆಗೆ ನೋಡಿ ಬರುತ್ತಿದ್ದ. ಬಾಗಿಲ ಸಪ್ಪಳವಾದರೆ ಎಲ್ಲರ ಕೈಯಲ್ಲಿನ ತುತ್ತು ಅಲ್ಲೇ ನಿಲ್ಲುತ್ತಿತ್ತು. ಗಂಗತ್ತಿಯ ಹಾಡು ನಿಂತಿತು. ಅಪ್ಪನಿಗೆ ಸಿಟ್ಟು ಬಂದಾಗಲೆಲ್ಲ, ಉಪ್ಪು ಹೆಚ್ಚಾದರೂ, ರೊಟ್ಟಿ ಸೀದರೂ, ಆ ‘ನಿನ್ನ ಕೈಯಾಗ ನಿಲ್ಲಂಗಿಲ್ಲ’ ಎಂಬ ಮಾತು ಬರುತ್ತಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತೆ ನಮಗೆಲ್ಲ, ನುಂಗಲೂ ಆಗದು, ಉಗುಳಲೂ ಆಗದು.

ಒಂದು ಮಧ್ಯಾಹ್ನ ಹಿಂದಿನ ಓಣಿಯಿಂದ ಗೋಳಾಟ ಕೇಳಿಸಿತು. ಅಲ್ಲಿ ಗಾದಿ ಹೊಲಿಯುವವರ ಮನೆ, ಮುಮ್ತಾಜ್ ಚಾಚಿ ನಮಗೆ ಹಬ್ಬಕ್ಕೆ ಸುರಕುರ್ಮಾ ಪಾಯಸ ಕಳಿಸುವವಳು. ಆಯಿ, ನಾನು ಓಡಿದೆವು. ಚಾಚಿಯ ಮುಂದೆ ಒಂದು ಡಬ್ಬಿ. ಹಳದಿ ನೀರು. ಅವಳು ಮಗಳಿಗೆಂದು ಇಟ್ಟ ಝುಮಕಿ ಹೋಗಿದ್ದವು. ಅದೇ ಇಸ್ತ್ರಿ ಅಂಗಿ, ಅದೇ ಚರ್ಮದ ಚೀಲ, ಅದೇ ‘ಯಾರ ಮುಂದನೂ ಹೇಳಬ್ಯಾಡ್ರಿ’. ಆಯಿ ಆ ನೀರನ್ನು ನೋಡುತ್ತ ನಿಂತಳು. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

“ಮುಮ್ತಾಜಾ, ಇವರು ಮೊದಲ ನಮ್ಮ ಮನಿಗಿ ಬಂದಿದ್ರವಾ.”

ಚಾಚಿ ಅಳು ನಿಲ್ಲಿಸಿ ತಲೆ ಎತ್ತಿದಳು.

“ಮತ್ತ ಒಂದ ಮಾತ ಹೇಳಬಾರದೇನ್ರಿ ಅಮ್ಮಾ? ನಡುವ ಒಂದ ಗ್ವಾಡಿ ಅದ ನಮಗ.”

ಆಯಿ ಹೊರಗೆ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಾಲ್ಕು ಮಂದಿ ಗಂಡಸರ ಎದುರು ದನಿ ತೆಗೆಯದವಳು ಓಣಿಯ ನಡುವೆ ನಿಂತು, ಕೂಡಿದ ಮಂದಿಯ ಎದುರು ಎಲ್ಲವನ್ನೂ ಹೇಳಿದಳು. ಬಂದವರ ಚಹರೆ, ಮಾತು, ಡಬ್ಬಿ, ಬಿಡದೆ ಎಲ್ಲವನ್ನೂ. ಕೊನೆಗೆ ಇಷ್ಟು ಅಂದಳು.

“ನನ್ನ ಮಗಳದಲ್ಲ ತಪ್ಪ. ಆಕಿ ಬ್ಯಾಡ ಅಂದ್ಲು. ಅದ ಅಂದಾಕಿ ನಾನು, ತಾ ಅಂದಾಕಿ ನಾನು.”

ಸುದ್ದಿಗೆ ಕಾಲಿಲ್ಲದಿದ್ದರೂ ಅದು ಬಸ್ಸಿಗಿಂತ ಮೊದಲು ಬಬಲೇಶ್ವರ ಮುಟ್ಟುತ್ತದೆ. ಕೆಲವೇ ದಿನಗಳಲ್ಲಿ ಹುಡುಗನ ತಾಯಿ, ಜೊತೆಗೊಬ್ಬರು ಹಿರಿಯರು, ನಮ್ಮ ಕಟ್ಟೆ ಹತ್ತಿದರು. ಅಪ್ಪ ಅಂಗಡಿಯಿಂದ ಓಡಿ ಬಂದ. ಅವ್ವನಿಗೆ ಸನ್ನೆ, ಆಯಿಗೆ ಸನ್ನೆ: ‘ಹೆಂಗರ ಸಂಭಾಳಸ್ರಿ’. ಸಂಭಾಳಿಸುವುದು ನಮ್ಮ ಮನೆಗೆ ಕಷ್ಟದ ಕೆಲಸವಲ್ಲ. ‘ಪಾಟ್ಲಿ ಮುರಿಸಿ ಹೊಸಾದ ಮಾಡಸಾಕ ಕೊಟ್ಟೇವ್ರಿ’ ಅಂದಿದ್ದರೆ ಆಗುತ್ತಿತ್ತು. ಆಯಿ ಹೊಸ್ತಿಲ ಮೇಲೆ ಬಂದು ನಿಂತಳು. ಅವರನ್ನು ಒಳಗೆ ಕರೆಯುವ ಮೊದಲೇ ಮಾತು ತೆಗೆದಳು.

“ಅಕ್ಕಾರ, ಒಳಗ ಬರೂಕಿಂತ ಮೊದಲ ಕೇಳ್ರಿ. ಪಾಟ್ಲಿ ಇಲ್ಲ.”

ಆಯಿ ಒಂದು ವಸ್ತುವಿಗೆ ‘ಇಲ್ಲ’ ಅಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಹುಡುಗನ ತಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಚುರುಮುರಿಯ ಸೂಸಲ ತಿಂದಳು, ಚಹಾ ಕುಡಿದಳು, ಗಂಗತ್ತಿಯ ಗಾಜಿನ ಬಳೆಯ ಕೈಯನ್ನು ಹಿಡಿದು ನೋಡಿದಳು. ಎದ್ದಳು.

“ಬರ್ತೇವ್ರಿ.”

ಅಷ್ಟೇ. ಹೋಗುವವರೆಲ್ಲ ‘ಬರ್ತೇವಿ’ ಅನ್ನುವ ಸೀಮೆಯಲ್ಲಿ ಇದನ್ನು ಹೇಗೆ ತಿಳಿಯುವುದು? ಮತ್ತೆ ಬರುತ್ತಾರೋ, ಹೋಗಿಯೇ ಬಿಟ್ಟರೋ? ಅಪ್ಪ ಆ ಸಂಜೆ ಆಯಿಯ ಮೇಲೆ ಮೊದಲ ಸಲ ಕೂಗಾಡಿದ. “ಇಷ್ಟ ವರ್ಷ ಅನಲಾರದ ಮಾತ ಇವತ್ತ ಯಾಕ ಅಂದಿಬೇ?” ಆಯಿ ಬತ್ತಿ ಹೊಸೆಯುತ್ತಲೇ ಉತ್ತರ ಕೊಟ್ಟಳು: “ಅವತ್ತ ಅನಲಿಲ್ಲ, ಅದಕ್ಕ ಇವತ್ತ ಅನಬೇಕಾತು.” ಗಂಗತ್ತಿ ಅವತ್ತು ನನ್ನ ಪಕ್ಕ ಕೂತು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಲಗ್ನ ಮುರಿದರೂ ಮುರಿಯಲಿ, ತಪ್ಪು ತನ್ನ ತಲೆಯಿಂದ ಇಳಿದಿತ್ತು.

ಅವರು ಬಂದರು. ಒಂದು ಸೋಮವಾರ ಹುಡುಗನ ತಾಯಿ ಒಬ್ಬಳೇ ಬಂದು ನೇರ ಅಡುಗೆಮನೆಗೆ ನಡೆದು ಆಯಿಯ ಪಕ್ಕ ಮಣೆಯ ಮೇಲೆ ಕೂತಳು. ನಾನು ಹಿಟ್ಟಿನ ಡಬ್ಬದ ಹಿಂದೆ ಇದ್ದೆ.

“ನನ್ನ ಕೊರಳಾನ ಬೋರಮಾಳ ಹಿಂಗ ಹೋಗ್ಯದರಿ ಅಕ್ಕಾರ. ಅದ ಪುಡಿ, ಅದ ಡಬ್ಬಿ. ಕಳಕೊಂಡೆ ಅಂತ ಸುಳ್ಳ ಹೇಳೇನಿ ಮನ್ಯಾಗ. ನಮ್ಮನಿಯವರಿಗೂ ಖರೇ ಗೊತ್ತಿಲ್ಲ. ನೀವು ಓಣ್ಯಾಗ ನಿಂತ ಹೇಳಿದ್ರಿ ಅಂತ ಕೇಳಿ ನನಗ ನಿದ್ದಿ ಬರವಲ್ದು. ಹಸರ ಬಳಿ ತೊಡಸಿ ಕಳಸ್ರಿ ಹುಡುಗೀನ, ಸಾಕ.”

ಇಬ್ಬರೂ ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು, ಆಮೇಲೆ ಅದ್ಯಾಕೋ ನಕ್ಕರು. ಗಂಗತ್ತಿ ಹಸಿರು ಬಳೆ ತೊಟ್ಟು ಬಬಲೇಶ್ವರಕ್ಕೆ ಹೋದಳು. ‘ಬರ್ತೀನಿ’ ಎಂದೇ ಹೋದಳು.

ಆಯಿ ಮನೆಯ ಕಾನೂನು ತಿದ್ದಿದ್ದು ಆಮೇಲೆ. “ಹೊಸ್ತಿಲದ ಒಳಗ ‘ಇಲ್ಲ’ ಅನಬ್ಯಾಡ್ರಿ. ಹೊಸ್ತಿಲದ ಮ್ಯಾಲ ನಿಂತ ಅನ್ರಿ. ಅಲ್ಲಿ ಅಂದ್ರ ಲಕ್ಷ್ಮಿಗಿ ಕೇಳಸಂಗಿಲ್ಲ, ಕಳ್ಳಗ ಕೇಳಸ್ತದ.” ನನಗೆ ದಿನಾ ತಾಲೀಮು. ಆಯಿ ಹೊರಗಿನಿಂದ ಪುಡಿ ಮಾರುವವಳಾಗಿ, ಚೀಟಿ ಹಾಕಿಸುವವಳಾಗಿ, ದೇವರ ಹೆಸರಿನಲ್ಲಿ ಪಟ್ಟಿಯ ರೊಕ್ಕ ಕೇಳುವವಳಾಗಿ ಬರುವಳು. ನಾನು ಆಟ ಬಿಟ್ಟು, ಸಾಲೆಯ ಅಭ್ಯಾಸ ಬಿಟ್ಟು ಓಡಿ ಹೊಸ್ತಿಲೇರಿ ‘ಇಲ್ಲ’ ಅನ್ನಬೇಕು. ಕೂತಲ್ಲಿಂದ ಅಂದರೆ ಲೆಕ್ಕಕ್ಕಿಲ್ಲ. ದನಿ ಮೆತ್ತಗಾದರೆ ಮತ್ತೆ ಮೊದಲಿನಿಂದ. ಕೊನೆಗೆ ಯಾರಿಗಾದರೂ ಒಬ್ಬರಿಗೆ ಹೋಗಿ ‘ಹಿಂಗ ಒಬ್ಬರು ಬಂದಿದ್ರು’ ಎಂದು ಹೇಳಿ ಬರಬೇಕು, ಹೆಚ್ಚಾಗಿ ಮುಮ್ತಾಜ್ ಚಾಚಿಗೆ. ನನ್ನ ಕಾಲಿನ ಗಾಲಿ ಅಲ್ಲಿ ಕಟ್ಟಿದ್ದು.

ಆಯಿಗೆ ಗೊತ್ತಿಲ್ಲದ ಒಂದು ಬಾಗಿಲು ಈಗ ಎಲ್ಲರ ಕೈಯಲ್ಲಿದೆ. ಗಂಗತ್ತಿಗೆ ಈಗ ಮೊಮ್ಮಕ್ಕಳು, ಮರಿಮಕ್ಕಳು, ತುಂಬಿದ ಮನೆ. ಅವಳಿಗೂ ಫೋನು ಕೊಡಿಸಿದ್ದಾರೆ. ಬ್ಯಾಂಕಿನಿಂದ ಎನ್ನುವವರು, ಲಾಟರಿ ಹತ್ತಿದೆ ಎನ್ನುವವರು, ಕರೆಂಟು ಕತ್ತರಿಸುತ್ತೇವೆ ಎನ್ನುವವರು ಅವಳಿಗೂ ಫೋನು ಮಾಡುತ್ತಾರೆ. ಬಬಲೇಶ್ವರಕ್ಕೆ ಹೋದಾಗ ನೋಡಿದೆ. ಗುರುತಿಲ್ಲದ ನಂಬರು ಬಂದರೆ ಮೊಣಕಾಲು ಹಿಡಿದುಕೊಂಡು ಎದ್ದು, ಗೋಡೆ ಹಿಡಿದು ಹೊಸ್ತಿಲವರೆಗೆ ನಡೆದು, ಅಲ್ಲಿ ನಿಂತೇ ‘ಹಲೋ’ ಅನ್ನುತ್ತಾಳೆ.

“ಫೋನಿಗಿ ಹೊಸ್ತಿಲಾ ಎಲ್ಲಿ ಅದವಾ? ಅದು ಸೀದಾ ಹಾಸಿಗಿ ತನಕ ಬರ್ತದ. ಅದಕ್ಕ ನಾನ ಹೊಸ್ತಿಲಕ್ಕ ಹೋಗತೀನಿ.”

ನನ್ನ ಕಾಲೂ ಹಾಗೆಯೇ ಎಂದು ನಕ್ಕಿದ್ದೆ ಆಗ. ಕಳೆದ ತಿಂಗಳು ನನ್ನ ಸರದಿ ಬಂತು. ಮಗಳು ಕೆಲಸಕ್ಕೆ ಹೋಗಿದ್ದಳು. ಫೋನು ಮಾಡಿದವನು ನನ್ನ ಹೆಸರು, ಆಧಾರ್ ನಂಬರಿನ ಕೊನೆಯ ಅಂಕಿಗಳನ್ನು ಹೇಳಿ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಅಂದ. ಆಮೇಲೆ ವಿಡಿಯೋದಲ್ಲಿ ಖಾಕಿ ತೊಟ್ಟ ಒಬ್ಬ ಬಂದ, ಹಿಂದೆ ಧ್ವಜ.

“ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಮೇಡಂ. ಕೋಣೆ ಬಾಗಿಲು ಹಾಕಿಕೊಳ್ಳಿ. ಕುರ್ಚಿ ಬಿಟ್ಟು ಏಳುವ ಹಾಗಿಲ್ಲ.”

ಪೊಲೀಸರು ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಇದು ನನಗೆ ಗೊತ್ತು. ಪೇಪರಿನಲ್ಲಿ ಓದಿ ಓಣಿಯ ಹೆಂಗಸರಿಗೆ ನಾನೇ ಹೇಳಿದ್ದೆ. ಆದರೂ, ಮುಂಬಾಗಿಲಿಗೆ ನಡೆಯುವ ಕಾಲುಗಳವಳು ಆ ದಿನ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದು ಕೂತೆ. ಜೀವನದಲ್ಲಿ ಒಂದು ದಿನವೂ ಪೊಲೀಸ್ ಠಾಣೆ ಹತ್ತದವಳಿಗೆ ಆ ಖಾಕಿ ಏನು ಮಾಡುತ್ತದೆ ಎಂದು ಕೂತವರಿಗೇ ಗೊತ್ತು. ತಲೆಯೊಳಗೆ ಬರೀ ಮಗಳ ಮರ್ಯಾದೆ, ನನ್ನ ಮರ್ಯಾದೆ. ಅವನು ಬ್ಯಾಂಕಿನಲ್ಲಿ ಠೇವಣಿ ಇದೆಯಾ ಎಂದು ಕೇಳಿದ. ನನ್ನ ಬಾಯಿಂದ ಬಂದದ್ದು ಆಯಿಯ ಉತ್ತರ.

“ಅದರಿ.”

“ಪರಿಶೀಲನೆಗೆ ನಾವು ಹೇಳುವ ಖಾತೆಗೆ ಕಳಿಸಬೇಕು, ವಾಪಸ್ ಬರುತ್ತದೆ. ಯಾರ ಮುಂದೆಯೂ ಹೇಳಬೇಡಿ.”

ಯಾರ ಮುಂದೆಯೂ ಹೇಳಬೇಡಿ. ಆ ಕೋಣೆಯಲ್ಲಿ ಅರಿಶಿನದ ನೀರಿನ ವಾಸನೆ ಬಂತು ಅಂದರೆ ಯಾರೂ ನಂಬಲಿಕ್ಕಿಲ್ಲ. ಬಂತು. ಕಾಲುಗಳು ತುಡಿಯತೊಡಗಿದವು. ಎದ್ದೆ. ಅವನು ಕೂಗಿದ, ಕೂರಿ, ಅಲುಗಾಡಬೇಡಿ, ಈಗಲೇ ಜೀಪು ಕಳಿಸುತ್ತೇನೆ. ನಾನು ಚಿಲಕ ತೆಗೆದೆ, ಪಡಸಾಲೆ ದಾಟಿದೆ, ಮುಂಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತೆ. ಬಿಸಿಲು ಮುಖಕ್ಕೆ ಬಡಿಯಿತು.

“ಇಲ್ಲ,” ಅಂದೆ.

“ಏನು ಇಲ್ಲ?”

“ನಿನಗ ಕೊಡೂದ ಈ ಮನ್ಯಾಗ ಏನೂ ಇಲ್ಲ.”

ಫೋನು ಕತ್ತರಿಸಿದೆ. ಮೊದಲು ಮಗಳಿಗೆ ಹೇಳಿದೆ, ಅವಳು ಬ್ಯಾಂಕಿಗೂ ಸೈಬರ್ ಪೊಲೀಸರಿಗೂ ತಿಳಿಸುತ್ತೇನೆ ಅಂದಳು. ಆಮೇಲೆ ಗಂಗತ್ತಿಗೆ ಫೋನು ಹಚ್ಚಿದೆ. ಬಾಗಿಲು ಹಾಕಿಕೊಂಡು ಕೂತದ್ದು, ‘ಅದರಿ’ ಅಂದದ್ದು, ಒಂದನ್ನೂ ಮುಚ್ಚಿಡದೆ ಹೇಳಿದೆ. ಅವಳು ಬೈಯಲಿಲ್ಲ.

“ಹೊಸ್ತಿಲಕ್ಕ ಬಂದ್ಯಲ್ಲವಾ, ಬಂಗಾರದಂಥಾಕಿ. ಓಣ್ಯಾಗ ಹೇಳಿದೇನ?”

ಓಣಿಯ ಅರ್ಧ ಮಕ್ಕಳು ನನ್ನ ಕೈಯಲ್ಲಿ ಲೆಕ್ಕ ಕಲಿತವರು. ಗಣಿತದ ಅಕ್ಕೋರು ಇನ್ನೇನು ಮೋಸಕ್ಕೆ ಬೀಳುವವರಿದ್ದರು ಎಂದು ಅವರ ಮುಂದೆ ಹೋಗಿ ಹೇಳಬೇಕೇ? ತಪ್ಪಿಸಿಕೊಂಡೆನಲ್ಲ, ಅಷ್ಟು ಸಾಲದೇ?

“ಇಲ್ಲ,” ಅಂದೆ.

ಗಂಗತ್ತಿ ಬಿಡಲಿಲ್ಲ.

“ಈ ‘ಇಲ್ಲ’ ಹೊಸ್ತಿಲದ ಒಳಗಿಂದ ಬಂತಲ್ಲ, ಶಾಂತಾ. ಫೋನ ಇಡು. ಚಪ್ಪಲಿ ಹಾಕ್ಕೋ.”

ಹೊಸ್ತಿಲು ಇಳಿದೆ. ಎದುರು ಮನೆಯ ಸೊಸೆ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಅವಳ ಪಕ್ಕದಲ್ಲಿ ಫೋನು ಬಿದ್ದಿತ್ತು.

“ಬರ್ರಿ ಅಕ್ಕೋರ. ಆರಾಮ್ರಿ?”

“ಇಲ್ಲವಾ,” ಅಂದೆ. “ಸ್ವಲ್ಪ ಸರಿ, ಕುಂಡ್ರತೀನಿ. ಒಂದ ಮಾತ ಹೇಳೂದದ.”